ಕರ್ನಾಟಕದ ರಣಜಿ ತಂಡ: ನಡೆದು ಬಂದ ದಾರಿ, ಮುಂದಿನ ಭರವಸೆ

ಕ್ರಿಕೆಟ್ ಋತು ಬಂತೆಂದರೆ ನಮ್ಮ ವಾಚನಾಲಯದಲ್ಲಿ ಪತ್ರಿಕೆಗಳ ಕ್ರೀಡಾಪುಟಕ್ಕೆ ಎಲ್ಲಿಲ್ಲದ ಬೇಡಿಕೆ. “ಈ ಸಲ ರಣಜಿ ಪಾರಿತೋಷಕ ನಮ್ಮವರಿಗೆ ಬಂದೀತೆ?” ಎಂದು ಕೇಳುವವರು ಹಲವರು, ಉತ್ತರ ಹೇಳುವವರೂ ಹಲವರು. ಆದರೆ ಆ ಉತ್ತರಗಳೆಲ್ಲ ಸಾಮಾನ್ಯವಾಗಿ ಒಬ್ಬಿಬ್ಬರು ದೊಡ್ಡ ಆಟಗಾರರ ಹೆಸರಿನ ಮೇಲೆ ನಿಂತಿರುತ್ತವೆ. ತಂಡದ ಚರಿತ್ರೆಯನ್ನು ನೋಡಿದರೆ ಲೆಕ್ಕ ಬೇರೆಯೇ ಇದೆ. ಆ ಲೆಕ್ಕವನ್ನು ವಾಚಕ ಮಿತ್ರರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಆರಂಭದ ದಿನಗಳು

ರಣಜಿ ಪಂದ್ಯಾವಳಿ ಆರಂಭವಾದದ್ದು 1934ರಲ್ಲಿ. ಅದರ ಮೊಟ್ಟಮೊದಲ ಪಂದ್ಯವನ್ನು ಆಡಿದ ಎರಡು ತಂಡಗಳಲ್ಲಿ ಒಂದು ನಮ್ಮದು; ಆಗ ಅದರ ಹೆಸರು ಮೈಸೂರು. ಮದರಾಸಿನ ಚೆಪಾಕ್ ಮೈದಾನದಲ್ಲಿ ಆ ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು. ಮೈಸೂರಿನವರು ಎರಡು ಸರದಿಗಳಲ್ಲಿ ಗಳಿಸಿದ್ದು 48 ಮತ್ತು 59 ರನ್ನುಗಳು ಮಾತ್ರ. 1945-46ರಲ್ಲಿ ಹೋಳ್ಕರ್ ತಂಡ ನಮ್ಮವರ ಮೇಲೆ 8 ವಿಕೆಟ್ಟಿಗೆ 912 ರನ್ನು ಪೇರಿಸಿತು. ಆರು ಮಂದಿ ಶತಕ ಹೊಡೆದರು. ಹೀಗೆ ಪೆಟ್ಟು ತಿಂದೇ ಬೆಳೆದ ತಂಡ ಇದು.

ನಡುವೆ 1941-42 ಮತ್ತು 1959-60ರಲ್ಲಿ ಅಂತಿಮ ಪಂದ್ಯದವರೆಗೆ ಬಂದದ್ದೂ ಉಂಟು. ಎರಡು ಸಲವೂ ಎದುರಾಳಿ ಮುಂಬಯಿ, ಎರಡು ಸಲವೂ ಸೋಲು. 1958-59ರಿಂದ 1972-73ರವರೆಗೆ, ಸತತ ಹದಿನೈದು ವರ್ಷ, ಪಾರಿತೋಷಕ ಮುಂಬಯಿ ಬಿಟ್ಟು ಕದಲಲಿಲ್ಲ.

ಮುಂಬಯಿಯ ಬಲ ಯಾವುದು?

ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಮಾಟುಂಗದ ದಡಕರ ಮೈದಾನವೇ ಸಾಕು. ಗಾವಸ್ಕರ್, ವೆಂಗ್‌ಸರ್ಕರ್ ಮುಂತಾದವರು ಆಡಿದ ದಾದರ್ ಯೂನಿಯನ್ ಸಂಘದ ನೆಲೆ ಅದು. ಮಳೆಗಾಲದ ಕೆಸರಿನಲ್ಲಿ ಕಾಂಗಾ ಲೀಗು, ಕಚೇರಿಗಳ ನಡುವೆ ಟೈಮ್ಸ್ ಶೀಲ್ಡು, ಹೀಗೆ ಗುಮಾಸ್ತರೂ ವಿದ್ಯಾರ್ಥಿಗಳೂ ಟೆಸ್ಟ್ ಆಟಗಾರರ ಎದುರಿಗೇ ಆಡಿ ಪಳಗುತ್ತಿದ್ದರು. ನಾಲ್ಕು ಮಂದಿ ಭಾರತ ತಂಡಕ್ಕೆ ಹೋದರೆ ಅವರ ಜಾಗಕ್ಕೆ ನಾಲ್ಕು ಮಂದಿ ಸಿದ್ಧರಿದ್ದರು. ಗಿರಣಿಯ ಮಾತಿನಲ್ಲಿ ಹೇಳುವುದಾದರೆ, ಮುಂಬಯಿಯ ಬಲವೆಲ್ಲ ಅದರ ಬದಲಿಗಳಲ್ಲಿತ್ತು. ಕಾಯಂ ಆಳು ರಜೆ ಹೋದ ದಿನವೂ ಮಗ್ಗ ನಿಲ್ಲದಿದ್ದರೆ ಅದು ಬದಲಿಯ ಕೈಗುಣವೆಂದು ನಮಗೆ ಬೇರೆಯವರು ಹೇಳಬೇಕೆ?

ನಮ್ಮವರೇ ಆದ ಮೂಲ್ಕಿಯ ಬುಧಿ ಕುಂದರನ್ ಕೂಡ ಮುಂಬಯಿಯ ಮೈದಾನಗಳಲ್ಲಿ ಬೆಳೆದವರು. 1960ರಲ್ಲಿ ಬ್ರಬೋರ್ನ್ ಮೈದಾನದಲ್ಲಿ ತಮ್ಮ ಮೊದಲ ಟೆಸ್ಟ್ ಆಡುವ ಹಿಂದಿನ ರಾತ್ರಿ, ಮನೆಯಲ್ಲಿ ಜಾಗ ಸಾಲದೆ ಉದ್ಯಾನವೊಂದರಲ್ಲಿ ಮಲಗಿದ್ದರೆಂದು ಹೇಳುತ್ತಾರೆ. ಒಂದೇ ಖೋಲಿಯಲ್ಲಿ ಸರದಿಯ ಮೇಲೆ ನಿದ್ದೆ ಮಾಡಿದ ನಮ್ಮ ಜನಕ್ಕೆ ಇದು ಆಶ್ಚರ್ಯದ ಸಂಗತಿಯಲ್ಲ. ಮುಂದೆ ಅವರು ಮೈಸೂರು ತಂಡಕ್ಕೂ ಆಡಿದರು.

ಹೆಸರೂ ಪಾರಿತೋಷಕವೂ

1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಅದೇ ಋತುವಿನಲ್ಲಿ ತಂಡ ಮೊದಲ ಸಲ ರಣಜಿ ಗೆದ್ದಿತು. ಬೆಂಗಳೂರಿನ ಸೆಮಿಫೈನಲಿನಲ್ಲಿ ಮುಂಬಯಿಯ ಎದುರು ಕರ್ನಾಟಕ 385 ರನ್ನು ಗಳಿಸಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಮುಂಬಯಿ 307ಕ್ಕೆ ನಿಂತಿತು. ಪಂದ್ಯ ಡ್ರಾ ಆದರೂ ಮೊದಲ ಸರದಿಯಲ್ಲಿ ಮುಂದಿದ್ದ ಪ್ರಸನ್ನರ ತಂಡವೇ ಮುಂದಕ್ಕೆ ಹೋಯಿತು. ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪಾರಿತೋಷಕ ತಂದಿತು.

1977-78ರಲ್ಲಿ ಎರಡನೆಯ ಸಲ ಗೆಲುವು. 1981-82ರ ಅಂತಿಮ ಪಂದ್ಯದಲ್ಲಿ ನಮ್ಮವರು 705 ರನ್ನು ಮಾಡಿಯೂ ಸೋತರು. ದೆಹಲಿಯವರು 8 ವಿಕೆಟ್ಟಿಗೆ 707 ಮಾಡಿದರು. ಮರುವರ್ಷವೇ ಇದೇ ಊರಿನ ವಾಂಖೆಡೆ ಮೈದಾನದಲ್ಲಿ ಮುಂಬಯಿಯನ್ನೇ ಹಿಂದೆ ಹಾಕಿ ಮೂರನೆಯ ಪಾರಿತೋಷಕವನ್ನು ಪಡೆದರು.

1995-96, 1997-98, 1998-99ರ ಮೂರು ಗೆಲುವುಗಳು ನಮ್ಮ ವಿಷಯಕ್ಕೆ ಮುಖ್ಯವಾದವು. ಆ ವರ್ಷಗಳಲ್ಲಿ ಕುಂಬ್ಳೆ, ಶ್ರೀನಾಥ್, ಪ್ರಸಾದ್, ದ್ರಾವಿಡ್ ಇವರಿಗೆ ಭಾರತ ತಂಡದ ಕರೆ ಬರುತ್ತಲೇ ಇತ್ತು. ಊರಿನ ಕೆಲಸ ನಡೆಸಿದವರು ಬೇರೆಯವರು. ಗದಗಿನಿಂದ ನಸುಕಿನ ರೈಲು ಹಿಡಿದು ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ ಬೆಳೆದ ಸುನೀಲ್ ಜೋಶಿ 1995-96ರಲ್ಲಿ 529 ರನ್ನುಗಳನ್ನೂ 52 ವಿಕೆಟ್ಟುಗಳನ್ನೂ ಗಳಿಸಿದರು. 1998-99ರಲ್ಲಿ ವಿಜಯ್ ಭಾರದ್ವಾಜ್ ಒಂದೇ ಋತುವಿನಲ್ಲಿ 1280 ರನ್ನು ಮಾಡಿದರು.

2013-14 ಮತ್ತು 2014-15ರಲ್ಲೂ ಹಾಗೆಯೇ. ದಾವಣಗೆರೆಯ ವಿನಯ್ ಕುಮಾರ್, ಮಿಥುನ್, ಅರವಿಂದ್ ಈ ಮೂವರು ವೇಗದ ಬೌಲರುಗಳು ಭಾರತ ತಂಡದಲ್ಲಿ ಕಾಯಂ ಸ್ಥಾನ ಪಡೆದವರಲ್ಲ. ಆದುದರಿಂದಲೇ ಊರ ತಂಡಕ್ಕೆ ಹೆಚ್ಚು ದಕ್ಕಿದರು. 2015ರ ಸೆಮಿಫೈನಲಿನಲ್ಲಿ ಮುಂಬಯಿ 44ಕ್ಕೆ ಉರುಳಿತು; ವಿನಯ್ ಕುಮಾರ್ 20 ರನ್ನಿಗೆ 6 ವಿಕೆಟ್ ಪಡೆದರು. ವಾಂಖೆಡೆಯ ಅಂತಿಮ ಪಂದ್ಯದಲ್ಲಿ ತಮಿಳುನಾಡಿನ ಎದುರು ಕರುಣ್ ನಾಯರ್ 328 ಹೊಡೆದರು. ಅದು ಎಂಟನೆಯ ಪಾರಿತೋಷಕ. ಎಂಟರಲ್ಲಿ ಎರಡನ್ನು ಮುಂಬಯಿ ಕನ್ನಡಿಗರು ಲೋಕಲ್ ಗಾಡಿ ಹತ್ತಿ ಹೋಗಿ ಕಣ್ಣಾರೆ ಕಾಣಬಹುದಾಗಿತ್ತು!

ಆ ಬಳಿಕ 2024-25ರ ಋತು ಮುಗಿಯುವವರೆಗೆ ರಣಜಿ ಮತ್ತೆ ಬರಲಿಲ್ಲ. ಒಮ್ಮೆ ವಿದರ್ಭದ ಎದುರು ಸೆಮಿಫೈನಲಿನಲ್ಲಿ ಐದೇ ರನ್ನಿನಿಂದ ಸೋತದ್ದೂ ಉಂಟು.

ಋತುವಿನ ಆಸೆಯನ್ನು ಅಳೆಯುವುದು ಹೇಗೆ?

ಮೊದಲು ಅಂಕಗಳ ನಿಯಮ ತಿಳಿದಿರಬೇಕು. ಗುಂಪಿನ ಹಂತದಲ್ಲಿ ಪೂರ್ಣ ಗೆಲುವಿಗೆ 6 ಅಂಕ; ಇನ್ನಿಂಗ್ಸಿನಿಂದ ಅಥವಾ ಹತ್ತು ವಿಕೆಟ್ಟಿನಿಂದ ಗೆದ್ದರೆ ಇನ್ನೊಂದು. ಡ್ರಾ ಆದರೆ ಮೊದಲ ಸರದಿಯಲ್ಲಿ ಮುಂದಿದ್ದವರಿಗೆ 3, ಹಿಂದಿದ್ದವರಿಗೆ 1. 2024-25ರಲ್ಲಿ ದೊಡ್ಡ ತಂಡಗಳ ನಾಲ್ಕು ಗುಂಪುಗಳಿದ್ದವು. ಪ್ರತಿ ಗುಂಪಿನಿಂದ ಇಬ್ಬರು ಮಾತ್ರ ಮುಂದಕ್ಕೆ. ಆ ಸಲ ಕರ್ನಾಟಕಕ್ಕೆ ಆ ಸ್ಥಾನ ಸಿಗಲಿಲ್ಲ. ಅದೇ ತಂಡ ಒಂದು ದಿನದ ಪಂದ್ಯಗಳ ವಿಜಯ್ ಹಜಾರೆ ಪಾರಿತೋಷಕವನ್ನು 2025ರ ಜನವರಿಯಲ್ಲಿ ಗೆದ್ದಿತೆಂಬುದು ಗಮನಿಸಬೇಕಾದ ಮಾತು.

ಆದುದರಿಂದ ಆಟಗಾರರ ಪಟ್ಟಿ ಪ್ರಕಟವಾದಾಗ ನಾವು ಮೂರು ಪ್ರಶ್ನೆ ಕೇಳಿಕೊಳ್ಳೋಣ. ದೊಡ್ಡವರು ಭಾರತಕ್ಕೆ ಹೋದ ವಾರ ಮೂರನೆಯ ಕ್ರಮಾಂಕದಲ್ಲಿ ಆಡುವವರು ಯಾರು? ಚೆಂಡು ಹಳೆಯದಾದ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ, ವಿಕೆಟ್ ತೆಗೆಯುವ ಮೂರನೆಯ ಬೌಲರು ಇದ್ದಾನೆಯೆ? ಏಳನೆಯ ಕ್ರಮಾಂಕದವನು ನೂರು ರನ್ನು ಹಿಂದಿದ್ದಾಗಲೂ ದಿನವಿಡೀ ನಿಲ್ಲಬಲ್ಲನೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಧೈರ್ಯವಾಗಿ ಆಸೆ ಇಟ್ಟುಕೊಳ್ಳಬಹುದು. ಒಂದೇ ದೊಡ್ಡ ಹೆಸರನ್ನು ನೆಚ್ಚಿ ಗೆಳೆಯರೊಡನೆ ಪಣ ಕಟ್ಟುವುದು ಬೇಡ.

ಈ ಎರಡನೆಯ ಸಾಲಿನವರ ಬಾಳು ಸುಲಭದ್ದಲ್ಲ. ಹಿಂದೆ ಅವರು ಬ್ಯಾಂಕು, ಕಚೇರಿಗಳಲ್ಲಿ ದುಡಿಯುತ್ತ ಆಡುತ್ತಿದ್ದರು. 2021ರಲ್ಲಿ ನಿಗದಿಯಾದ ದರದಂತೆ ಹೊಸ ಆಟಗಾರನಿಗೆ ದಿನಕ್ಕೆ 40,000 ರೂಪಾಯಿ, ಹಳಬನಿಗೆ 60,000. ದೊಡ್ಡ ಮೊತ್ತವೇ ನಿಜ; ಆದರೆ ಹನ್ನೊಂದರ ಹೊರಗೆ ಕುಳಿತವನಿಗೆ ಅದರ ಅರ್ಧ, ತಂಡದಿಂದಲೇ ಬಿಟ್ಟುಹೋದವನಿಗೆ ಏನೂ ಇಲ್ಲ. ಬದಲಿ ಕಾರ್ಡು ಹಿಡಿದು ಬಾಗಿಲಲ್ಲಿ ಕಾಯುವ ಕಷ್ಟ ಅಲ್ಲಿಯೂ ಇದೆ.

ಕೊನೆಯದಾಗಿ ಒಂದು ಮಾತು. ಮುಂಬಯಿಯ ಅನ್ನ ಉಂಡು ಕರ್ನಾಟಕದ ಗೆಲುವನ್ನು ಬಯಸಬಹುದೇ ಎಂದು ಕೆಲವರು ಸಂಕೋಚಪಡುವುದುಂಟು. ಬಯಸಬಹುದು, ಜೊತೆಗೆ ಎದುರಾಳಿಯ ಒಳ್ಳೆಯ ಆಟಕ್ಕೂ ಚಪ್ಪಾಳೆ ತಟ್ಟಬಹುದು. ರಣಜಿ ಪಂದ್ಯಗಳಿಗೆ ಬಹಳ ಸಲ ಪ್ರವೇಶಶುಲ್ಕವೂ ಇರುವುದಿಲ್ಲ. ನಮ್ಮವರು ಈ ಊರಿಗೆ ಬಂದಾಗ ಬಿಡುವಿದ್ದವರು ಹೋಗಿ ನೋಡಿರಿ. ಬಂದು ವಾಚನಾಲಯದಲ್ಲಿ ಹೇಳಿರಿ: ಹೊಸ ಹುಡುಗರಲ್ಲಿ ಯಾರು ನಿಂತು ಆಡಿದರು ಎಂಬುದನ್ನು.