ನರ್ತಕಿಯ ಸೊಂಟ

ಭರತನಾಟ್ಯದಲ್ಲಿ ಮಂಡಿ ಮಡಿಸಿ ಅರ್ಧ ಕುಳಿತಂತೆ ನಿಲ್ಲುವ ಅರೆಮಂಡಿಯು ನೋಡುವವರಿಗೆ ಮಂಡಿಗಳ ಭಂಗಿಯೆಂದೇ ತೋರಿದರೂ, ತೊಡೆಗಳು ಹೊರಕ್ಕೆ ತಿರುಗಬೇಕಾದದ್ದು ಸೊಂಟದ ಕೀಲಿನಲ್ಲಿಯಾದುದರಿಂದ, ಆ ಕೀಲು ಸಾಕಷ್ಟು ತಿರುಗದ ದೇಹದಲ್ಲಿ ಶ್ರೋಣಿಯು ಮುಂದಕ್ಕೆ ವಾಲಿ, ಕೆಳಬೆನ್ನು ಅತಿಯಾಗಿ ಒಳಬಾಗಿ, ಆ ಕೊರತೆಯನ್ನೆಲ್ಲ ತಾನೇ ತುಂಬಿಕೊಡತೊಡಗುತ್ತದೆ. ಇದರ ಮೇಲೆ, ಸಿಮೆಂಟು ನೆಲದ ಮೇಲೆ ಬರಿಗಾಲಿನಿಂದ, ಪಾದ ತಟ್ಟುವ ತಟ್ಟಡವನ್ನು ಮೂರನೆಯ ಕಾಲದ ವೇಗದಲ್ಲಿ ಹೊಡೆಯುವಾಗ, ಪಾದದ ಪೆಟ್ಟುಗಳೂ ಮೇಲೇರಿ ಅಲ್ಲಿಗೇ ಬಂದು ಮುಟ್ಟುತ್ತವೆ.

ಬೆನ್ನುನೋವನ್ನು ನರ್ತಕಿಯು ಗುರುಗಳಲ್ಲಿ ಹೇಳಿಕೊಂಡಾಳು. ನೆಗೆದಾಗ ಎರಡು ಹನಿ ಮೂತ್ರ ಜಾರಿತೆಂಬುದನ್ನು ಹೆತ್ತ ತಾಯಿಯೊಡನೆಯೂ ಆಡಲಾರಳು. ಆ ಭಯಕ್ಕೆ ಕಾರ್ಯಕ್ರಮದ ದಿನ ನೀರು ಕುಡಿಯುವುದನ್ನೇ ಬಿಟ್ಟುಬಿಡುವವರುಂಟು. ಮೂತ್ರ ಜಾರುವುದು ಹೆರಿಗೆಯಾದವರ ತೊಂದರೆಯಷ್ಟೇ ಎಂಬ ನಂಬಿಕೆ ಸರಿಯಲ್ಲ. ನೆಗೆತವೇ ಪ್ರಧಾನವಾದ ಆಟಗಳಲ್ಲಿ ತೊಡಗಿದ ಹೆರಿಗೆಯಾಗದ ತರುಣಿಯರಲ್ಲಿಯೂ ಇದು ಕಾಣುತ್ತದೆ.

ಬೆನ್ನುನೋವು, ಮೂತ್ರ ಜಾರುವಿಕೆ ಈ ಎರಡಕ್ಕೂ ಸಂಬಂಧವಿದೆ. ಜಘನಾಸ್ಥಿಯಿಂದ ಬಾಲದೆಲುಬಿನವರೆಗೆ ಜೋಲಿಯಂತೆ ಕಟ್ಟಿದ ಶ್ರೋಣಿತಳದ ಪೇಶಿಗಳು ಕೆಳಗೆ, ವಪೆ ಮೇಲೆ, ಹೊಟ್ಟೆಯ ಒಳಪೇಶಿ ಸುತ್ತಲೂ, ಬೆನ್ನೆಲುಬಿನ ಮಗ್ಗುಲಿನ ಕಿರುಪೇಶಿಗಳು ಹಿಂದೆ, ಹೀಗೆ ನಾಲ್ಕೂ ಕೂಡಿ ನಡುವನ್ನು ಆಧರಿಸುವುವು. ಉಸಿರೆಳೆದಾಗ ವಪೆಯೊಡನೆ ಶ್ರೋಣಿತಳವೂ ಕೆಳಗಿಳಿಯುವುದು, ಬಿಟ್ಟಾಗ ಮೇಲೇರುವುದು ಸಹಜ. “ಹೊಟ್ಟೆ ಒಳಗೆಳೆದುಕೋ” ಎಂಬ ಆಜ್ಞೆಯನ್ನೇ ಇಡೀ ಹೊತ್ತು ಪಾಲಿಸುವ ಶಿಷ್ಯೆಯು ಉಸಿರನ್ನೇ ಕಟ್ಟಿ, ಉದರದ ಒತ್ತಡವನ್ನೆಲ್ಲ ಕೆಳಕ್ಕೆ ನೂಕುತ್ತಿರುತ್ತಾಳೆ. (ಆಜ್ಞೆಯಲ್ಲಿ ದೋಷವಿಲ್ಲ, ಉಸಿರಿನ ಮಾತನ್ನು ಜೊತೆಗೆ ಹೇಳದಿರುವುದೇ ದೋಷ.)

ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಶ್ರೋಣಿತಳದ ಪೇಶಿಗಳ ವ್ಯಾಯಾಮವನ್ನು ಪ್ರಕಟಿಸಿದರು. ಮಂಡಿ ಮಡಿಸಿ ಅಂಗಾತ ಮಲಗಿ, ಉಸಿರು ಬಿಡುತ್ತ ಮೂತ್ರವನ್ನೂ ವಾಯುವನ್ನೂ ತಡೆಯುವಂತೆ ಒಳಗಿನಿಂದ ಮೇಲಕ್ಕೆ ಎತ್ತಿ, ಕೆಲವು ಕ್ಷಣ ಹಿಡಿದು, ಅಷ್ಟೇ ಹೊತ್ತು ಪೂರ್ತಿಯಾಗಿ ಸಡಿಲಿಸಬೇಕು. ಒಂದಾವರ್ತಿಗೆ 8 ಬಾರಿ, ದಿನಕ್ಕೆ 3 ಆವರ್ತಿ, ಕನಿಷ್ಠ 3 ತಿಂಗಳು. ಪೃಷ್ಠವನ್ನೂ ತೊಡೆಯನ್ನೂ ಬಿಗಿಯುವುದು ಸಾಮಾನ್ಯ ತಪ್ಪು. ಆದರೆ ನರ್ತಕಿಯರಲ್ಲಿ ಕೆಲವರ ಪೇಶಿಗಳು ದುರ್ಬಲವಾಗಿರದೆ ಸದಾ ಬಿಗಿದುಕೊಂಡೇ ಇರುವುದರಿಂದ, ಅಂಥವರಿಗೆ ಮತ್ತಷ್ಟು ಬಿಗಿಸುವ ಅಭ್ಯಾಸ ಅಹಿತಕರ; ಉಸಿರಿನೊಡನೆ ಸಡಿಲಿಸುವುದನ್ನೇ ಅವರು ಮೊದಲು ಕಲಿಯತಕ್ಕದ್ದು. ಆದಕಾರಣ ಈ ವಿಷಯ ಬಲ್ಲ ಫಿಸಿಯೋಥೆರಪಿಸ್ಟರಿಂದ ಪರೀಕ್ಷೆ ಮಾಡಿಸಿಕೊಳ್ಳದೆ ಪುಸ್ತಕ ನೋಡಿ ಆರಂಭಿಸುವುದು ತರವಲ್ಲ.

ಅನಂತರ ಸೇತುಬಂಧಾಸನ, ಕೈ-ಮಂಡಿಗಳ ಮೇಲೆ ನಿಂತು ಎದುರುಬದುರಿನ ಕೈಕಾಲು ಚಾಚುವ ಅಭ್ಯಾಸ ಮೊದಲಾದವುಗಳಿಂದ ಬೆನ್ನಿಗೆ ಬಲ ಬರುತ್ತದೆ. ಆದರೆ ಬೆನ್ನುನೋವಿನೊಡನೆ ತೊಡೆಗಳ ಸಂದು ಮರಗಟ್ಟಿದರೆ, ಮೂತ್ರ ಹಠಾತ್ತನೆ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ವ್ಯಾಯಾಮವನ್ನು ಬದಿಗಿಟ್ಟು ಆ ಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು.