ಉಪ್ಪು ನೀರೊಡೆದ ದಿನ

ಮೃಗಶಿರಾ ಮಳೆಯ ಕೊನೆಯ ಪಾದ. ಬೆಳಿಗ್ಗೆ ಉಪ್ಪಿನ ಮರಿಗೆಗೆ ಕೈ ಹಾಕಿದರೆ ಬೆರಳೆಲ್ಲ ಒದ್ದೆ. ಗಾಳಿಯ ತೇವ ನೂರಕ್ಕೆ 75ರ ಗಡಿ ದಾಟಿದರೆ ಶುದ್ಧ ಉಪ್ಪು ನೀರೊಡೆಯುತ್ತದೆ. ಹರಳುಪ್ಪಾದರೆ ಇನ್ನೂ ಸ್ವಲ್ಪ ಮೊದಲೇ. ಮರದ ಮೇಲೆ ಬೂಸ್ಟು ಹಿಡಿಯುವುದೂ ಹೆಚ್ಚು ಕಡಿಮೆ ಇದೇ ಗಡಿಯಲ್ಲಿ. ಹಾಗಾಗಿ ಲಿಂಗನಮಕ್ಕಿ ಹಿನ್ನೀರಿನ ದಂಡೆಯ ನಮ್ಮ ಮನೆಯಲ್ಲಿ ಅಡುಗೆಮನೆ ಕಪಾಟನ್ನು ಮೂಸಿ ನೋಡುವ ಕೆಲಸ ಶುರುವಾಗುವುದು ಈ ಮರಿಗೆಯಿಂದ.

ಕಪಾಟಿನದು ಹಲಸಿನ ಹಲಗೆ. 1964ರಲ್ಲಿ ಅಣೆಕಟ್ಟು ಮುಗಿಯುವ ಮೊದಲು, ಮುಳುಗಡೆಯ ಊರಿನ ಮನೆಯಿಂದ ಅಜ್ಜ ಬಿಚ್ಚಿ ತಂದದ್ದು. ಬೇಸಿಗೆಯಲ್ಲಿ ಹಿನ್ನೀರು ಇಳಿದು, ಅದರಲ್ಲಿ ಮುಳುಗಿರುವ ಮಡೆನೂರಿನ ಹಳೆಯ ಅಣೆಕಟ್ಟು ತಲೆಯೆತ್ತುವ ಹೊತ್ತಿಗೆ ಇದರ ಬಾಗಿಲು ತೆರೆದರೆ ಇಂಗಿನ ಕಂಪು ಬಿಟ್ಟರೆ ಬೇರೇನೂ ಇಲ್ಲ.

ಆರಿದ್ರಾ ಹಿಡಿದು ಆರನೆಯ ದಿನ: ಕೆಳಗಿನ ಅರೆಯ ಹಿಂಮೂಲೆಯಲ್ಲಿ ಮುಗ್ಗಲು ವಾಸನೆ. ಬೆರಳಾಡಿಸಿದರೆ ಬೂದು ಬಣ್ಣದ ತೆಳು ಪುಡಿ. ಒಲೆಯ ಬದಿಯ ಮೇಲಿನ ಅರೆ ಇನ್ನೂ ಚೊಕ್ಕಟವಾಗಿದೆ. ಹಿಂಬದಿಯ ಜಂಬಿಟ್ಟಿಗೆ ಗೋಡೆ ನೆಲದ ನೀರನ್ನು ಬತ್ತಿಯಂತೆ ಎಳೆದುಕೊಳ್ಳುತ್ತದೆ, ಕಪಾಟಿನ ಬೆನ್ನು ಅದಕ್ಕೇ ಅಂಟಿಕೊಂಡಿದೆ. ಈ ಮುಗ್ಗಲಿನಲ್ಲಿ ಅಣಬೆಯ ನೆನಪು ಬರುವುದು ಸುಮ್ಮನೆ ಅಲ್ಲ. ಬೂಸ್ಟೂ ಅಣಬೆಯೂ ಒಂದೇ ವಂಶ, ಆಕ್ಟೆನಾಲ್ ಎಂಬ ಒಂದೇ ವಸ್ತು ಎರಡರಲ್ಲೂ ನಾರುತ್ತದೆ.

ಪುನರ್ವಸು. ಲಾಟೀನು ಹಿಡಿದು ಕೂತೆ. ಬೂಸ್ಟಿನ ಮೇಲೆ ಸಾಸಿವೆಗಿಂತ ಸಣ್ಣ, ಬಿಳಿಚಿದ ಹುಳುಗಳು ಓಡಾಡುತ್ತಿವೆ. ಮರ ತಿನ್ನುವವಲ್ಲ, ಬೂಸ್ಟು ಮೇಯುವ ಹೇನಿನಂಥ ಹುಳುಗಳು. ಎಣ್ಣೆ ಡಬ್ಬಿಯ ಅರೆಯದು ಬೇರೆಯೇ ಕಥೆ. ಅಲ್ಲಿ ಕಮಟು ವಾಸನೆ. ಒಗ್ಗರಣೆಯ ಹಬೆಯಲ್ಲಿ ಹಾರಿ ಬಂದ ಎಣ್ಣೆ ಹಲಗೆಯ ಮೇಲೆ ಅಂಟಾಗಿ ಕೂತು, ಗಾಳಿಗೆ ಕೆಟ್ಟಿದೆ. ಆ ಅಂಟಿಗೆ ಜಿರಲೆ. ರಾತ್ರಿ ಹನ್ನೊಂದಕ್ಕೆ ಗೋಡೆಯಂಚಿನಲ್ಲೇ ಚಿಕ್‌ಚಿಕ್ ಎನ್ನುತ್ತ ಸೊಂಡಿಲಿ ಬಂತು, ಜಿರಲೆ ಹುಡುಕಿಕೊಂಡು. ಅದು ಇಲಿಯ ಜಾತಿಯೇ ಅಲ್ಲ, ಹುಳು ತಿಂದು ಬದುಕುವ ಜೀವ. ಮೈಬದಿಯ ಗ್ರಂಥಿಯ ಕಸ್ತೂರಿಯಂಥ ಗಾಢ ವಾಸನೆಯನ್ನು ಕಪಾಟಿನ ಬುಡಕ್ಕೆ ಒರೆಸಿ ಹೋಯಿತು. ನಾನು ಒಂದು ವಾಸನೆ ಅಂದುಕೊಂಡದ್ದು ಮೂರು. ನೀರನ್ನೂ ಎಣ್ಣೆಯನ್ನೂ ತೆಗೆದರೆ ಅವನ್ನು ನಂಬಿ ಬಂದವರೆಲ್ಲ ತಾವೇ ಹೋಗಬೇಕು. ಸಾಂಬ್ರಾಣಿ ಹೊಗೆಯೂ ಕರ್ಪೂರದ ಗುಳಿಗೆಯೂ ಆ ನೀರನ್ನಾಗಲಿ ಎಣ್ಣೆಯನ್ನಾಗಲಿ ತೆಗೆಯುವುದಿಲ್ಲ, ವಾಸನೆಯನ್ನು ಮುಚ್ಚುತ್ತವೆ ಅಷ್ಟೇ.

ಅಮ್ಮನ ಕಾಲದಲ್ಲಿ ಇದೇ ಕಪಾಟು ಇಷ್ಟು ನಾರುತ್ತಿರಲಿಲ್ಲ. ಆಗ ದಿನವಿಡೀ ಕಟ್ಟಿಗೆ ಒಲೆ. ಅದರ ಕಾವು ಹಲಗೆಯನ್ನು ಒಣಗಿಸುತ್ತಿತ್ತು, ಹೊಗೆಯ ಮಸಿ ಬೂಸ್ಟನ್ನು ತಡೆಯುತ್ತಿತ್ತು, ಹಬೆ ಹೆಂಚಿನ ಸಂದಿಯಲ್ಲಿ ಹೊರಟುಹೋಗುತ್ತಿತ್ತು. ಆ ಹೊಗೆ ಅವಳ ಎದೆಗೂ ಇಳಿಯುತ್ತಿತ್ತು, ಒಲೆ ಮತ್ತೆ ಬರಲಿ ಎಂದು ನಾನು ಹೇಳಲಾರೆ. ಆದರೆ ಈಗಿನ ಅಡುಗೆ ಅನಿಲ ಉರಿದಾಗಲೂ ನೀರು ಹುಟ್ಟುತ್ತದೆ. 14.2 ಕಿಲೋ ಸಿಲಿಂಡರ್ ಮುಗಿಯುವಷ್ಟರಲ್ಲಿ ಸುಮಾರು 22 ಲೀಟರ್ ನೀರು ಆವಿಯಾಗಿ ಅಡುಗೆಮನೆ ಸೇರುತ್ತದೆ. ಮಳೆಗೆ ಹೆದರಿ ಕಿಟಕಿ ಮುಚ್ಚಿದರೆ ಅದು ಹೋಗುವುದೆಲ್ಲಿಗೆ?

ಪುಷ್ಯ ಮಳೆಯಲ್ಲಿ ಬಿಸಿಲಿನ ಮಾತೇ ಇಲ್ಲ. ಕಪಾಟು ಪೂರ್ತಿ ಖಾಲಿ ಮಾಡಿದೆ. ಎಣ್ಣೆಯ ಅಂಟಿಗೆ ಸೀಗೆಪುಡಿ ಹಚ್ಚಿ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಉಜ್ಜಿದೆ. ಬೂಸ್ಟನ್ನು ಒಣಗಿದಾಗ ಗುಡಿಸಲಿಲ್ಲ, ಗುಡಿಸಿದರೆ ಬೀಜಕಣ ಮನೆಯೆಲ್ಲ ಹಾರುತ್ತವೆ. ವಿನೆಗರ್ ಅದ್ದಿದ ಬಟ್ಟೆಯಲ್ಲಿ ಒರೆಸಿ ತೆಗೆದೆ. ಕಳಚಿ ಬರುವ ಅರೆಗಳನ್ನೆಲ್ಲ ಬಚ್ಚಲೊಲೆಯ ಪಕ್ಕ ಗೋಡೆಗೆ ಆನಿಸಿ ಎರಡು ದಿನ ನಿಲ್ಲಿಸಿದೆ. ನಮ್ಮ ಮನೆಯಲ್ಲಿ ಇನ್ನೂ ಆರದೆ ಉಳಿದಿರುವ ಕಟ್ಟಿಗೆ ಬೆಂಕಿ ಅದೊಂದೇ. ಒದ್ದೆ ಕಂಬಳಿ, ಕೊಬ್ಬರಿ, ಹಪ್ಪಳ ಎಲ್ಲ ಒಣಗುವುದು ಅಲ್ಲಿಯೇ. ಕಪಾಟನ್ನು ಗೋಡೆಯಿಂದ ಮೂರು ಬೆರಳು ಮುಂದಕ್ಕೆ ಎಳೆದು, ಕಾಲಿಗೆ ಕಲ್ಲು ಕೊಟ್ಟು, ಬೆನ್ನಹಲಗೆಯಲ್ಲಿ ಮೇಲೆ ಕೆಳಗೆ ರಂಧ್ರ ಕೊರೆಸಿದೆ.

ಆಶ್ಲೇಷ: ಸೊಂಡಿಲಿ ಬಂದು ಮೂಸಿ ಹಾಗೆಯೇ ಹೊರಗೆ ಹೋಯಿತು.

ಮಘಾ ಮಳೆಯ ಎರಡನೆಯ ದಿನ: ಮರಿಗೆಯ ಉಪ್ಪು ಇನ್ನೂ ಒದ್ದೆ, ಹಿಂಮೂಲೆಯ ಹಲಗೆ ಒಣಗಿದೆ. ಮುಗ್ಗಲು ಇಲ್ಲ.

ತೀರ್ಥಹಳ್ಳಿ, ಹೊಸನಗರದ ಕಡೆ ಹೊಸ ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ಕೇಳಿಕೆ. ಪ್ಲೈವುಡ್ ಆಗಲಿ, ಸಾಗುವಾನಿ ಆಗಲಿ, ಕಪಾಟನ್ನು ಗೋಡೆಗೆ ಬಡಿಯುವ ಮೊದಲು ಬಡಗಿಗೆ ಹೇಳಿ, ಬೆನ್ನ ಹಿಂದೆ ಮೂರು ಬೆರಳು ಜಾಗ ಬಿಡಲಿ.