ಕಡಲೆಕಾಯಿ ಧಾರಣೆ ಬಯಲಿಗೆ ಬಂದ ದಾರಿ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ರಾಯಚರ್ಲು ಸೀಮೆಯ ಕೆಂಪು ನೆಲದಲ್ಲಿ ಮಳೆ ನಂಬಿ ಬೆಳೆಯುವ ಮುಖ್ಯ ಹಣದ ಬೆಳೆ ಕಡಲೆಕಾಯಿ. ಮುಂಗಾರಿನಲ್ಲಿ ಬಿತ್ತಿದ ಕಾಯಿ ಸುಗ್ಗಿಯಲ್ಲಿ ಎಲ್ಲರ ಹೊಲದಿಂದಲೂ ಒಟ್ಟಿಗೇ ಪೇಟೆಗೆ ಬರುತ್ತದೆ. ಆ ಕೆಲವು ವಾರಗಳಲ್ಲಿ ಧಾರಣೆಯ ಸುದ್ದಿ ಯಾರಿಗೆ ಮೊದಲು ತಿಳಿಯುತ್ತದೆಯೋ ಅವರ ಕೈ ಮೇಲಾಗುತ್ತದೆ. ಹಿಂದೆ ಈ ಸುದ್ದಿ ಮಂಡಿಯ ದಲ್ಲಾಳಿಯ ಬಳಿ, ಎಣ್ಣೆ ಗಿರಣಿಯ ದೂರವಾಣಿಯಲ್ಲಿ ಇರುತ್ತಿತ್ತು. ಇಂದು ಅದು ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ಯಾರು ಬೇಕಾದರೂ ಕಾಸು ಕೊಡದೆ ತೆಗೆದುಕೊಳ್ಳಬಹುದಾದ ಒಂದು ಸಾಲು. ಆ ತಾಣ ಶುರುವಾದದ್ದೂ ಮುಕ್ತ ತಂತ್ರಾಂಶದ ಮೇಲೆ, ಅಂದರೆ ಮೂಲ ಸಂಕೇತವನ್ನು ಯಾರಾದರೂ ಓದಿ, ತಿದ್ದಿ, ಮತ್ತೆ ಬಳಸಬಹುದಾದ ತಂತ್ರಾಂಶದ ಮೇಲೆ.

ಈ ದಾರಿ ಕಂಪ್ಯೂಟರಿಗಿಂತ ಬಹಳ ಮೊದಲೇ ಶುರುವಾಯಿತು. 1935ರಲ್ಲಿ ಕೇಂದ್ರದಲ್ಲಿ ಮಾರುಕಟ್ಟೆ ಮತ್ತು ತಪಾಸಣಾ ನಿರ್ದೇಶನಾಲಯ ಹುಟ್ಟಿತು. 1939ರಲ್ಲಿ ಮೈಸೂರು ಸಂಸ್ಥಾನ ಕೃಷಿ ಉತ್ಪನ್ನ ಮಾರುಕಟ್ಟೆಗಳಿಗೆಂದೇ ಕಾನೂನು ಮಾಡಿತು. ಸೇರು, ಪಲ್ಲಗಳ ಜಾಗಕ್ಕೆ ಮೆಟ್ರಿಕ್ ತೂಕ ಬಂದದ್ದು 1958ರಿಂದ ಈಚೆಗೆ. ಎಲ್ಲ ಪೇಟೆಗಳ ಧಾರಣೆಯೂ ಒಂದೇ ಕ್ವಿಂಟಲಿನ ಲೆಕ್ಕಕ್ಕೆ ಬಾರದಿದ್ದರೆ ಶಿರಾದ ಬೆಲೆಯನ್ನು ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬೆಲೆಯೊಡನೆ ಹೋಲಿಸುವುದೇ ಕಷ್ಟವಾಗುತ್ತಿತ್ತು. ಮುಂದಿನ ದತ್ತಾಂಶದ ಕೆಲಸವೆಲ್ಲ ಈ ಬದಲಾವಣೆಯ ಋಣದಲ್ಲಿದೆ. 1966ರ ರಾಜ್ಯ ಕಾಯ್ದೆಯು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳಿಗೆ ಈಗಿನ ರೂಪ ಕೊಟ್ಟಿತು. ಪ್ರಾಂಗಣದಲ್ಲಿ ನಡೆದ ವ್ಯಾಪಾರ ಸಮಿತಿಯ ಪುಸ್ತಕಕ್ಕೆ ಏರಿತು. ಅಲ್ಲಿಂದ ಪತ್ರಿಕೆಯ ಪೇಟೆ ಧಾರಣೆ ಅಂಕಣಕ್ಕೆ, ಆಕಾಶವಾಣಿಯ ಕೃಷಿ ಕಾರ್ಯಕ್ರಮಕ್ಕೆ ಹೋಯಿತು. ಆದರೆ ಪತ್ರಿಕೆ ಬರುವ ಹೊತ್ತಿಗೆ ಬೆಲೆ ನಿನ್ನೆಯದಾಗಿರುತ್ತಿತ್ತು.

ಮಾರ್ಚ್ 2000ದಲ್ಲಿ ಆರಂಭವಾದ ಅಗ್‌ಮಾರ್ಕ್‌ನೆಟ್ ಸಮಿತಿಗಳ ಈ ಪುಸ್ತಕವನ್ನು ಜಾಲಕ್ಕೆ ತಂದಿತು. ಮಾರುಕಟ್ಟೆ ನಿರ್ದೇಶನಾಲಯದ ಈ ಯೋಜನೆಗೆ ತಂತ್ರಾಂಶ ಕಟ್ಟಿದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿ. ಮಾರುಕಟ್ಟೆಗಳಿಗೆ ಕಂಪ್ಯೂಟರು ಕೊಟ್ಟದ್ದು ಎದ್ದು ಕಾಣುವ ಕೆಲಸ. ಅದಕ್ಕಿಂತ ದೊಡ್ಡದು ಎಲ್ಲ ಪೇಟೆಗಳಿಗೂ ಒಂದೇ ನಮೂನೆ ಮಾಡಿದ್ದು. ಯಾವ ರಾಜ್ಯ, ಯಾವ ಜಿಲ್ಲೆ, ಯಾವ ಮಾರುಕಟ್ಟೆ, ಯಾವ ಸರಕು, ಯಾವ ತಳಿ, ಯಾವ ದಿನ. ಆಮೇಲೆ ಕನಿಷ್ಠ, ಗರಿಷ್ಠ ಮತ್ತು ಮಾದರಿ ಬೆಲೆ. ಕರ್ನಾಟಕದಲ್ಲಿ ಕೃಷಿ ಮಾರಾಟ ವಾಹಿನಿ ತಾಣ ಇಂಥದೇ ವಿವರವನ್ನು ಕನ್ನಡದಲ್ಲಿ ಕೊಡತೊಡಗಿತು.

ಈ ಮೂರು ಬೆಲೆಗಳಲ್ಲಿ ರೈತನಿಗೆ ಹೆಚ್ಚು ಬೇಕಾದದ್ದು ಮಾದರಿ ಬೆಲೆ. ಒಂದು ದಿನ ನೂರು ಚೀಲ ಕಡಲೆಕಾಯಿ ಬಂದು, ಐದು ಚೀಲ ಜಳ್ಳು ಕಾಯಿ ಕ್ವಿಂಟಲಿಗೆ 4,000 ರೂಪಾಯಿಗೆ, ಐದು ಚೀಲ ಉತ್ತಮ ಬಿತ್ತನೆ ಕಾಯಿ 7,500ಕ್ಕೆ, ಉಳಿದ ತೊಂಬತ್ತು ಚೀಲ 6,000ದ ಆಸುಪಾಸಿನಲ್ಲಿ ಮಾರಾಟವಾದವು ಎಂದಿಟ್ಟುಕೊಳ್ಳಬಹುದು. ಗರಿಷ್ಠ ಬೆಲೆ ನೋಡಿ ಹೊರಟವನು ನಿರಾಶನಾಗುತ್ತಾನೆ, ಕನಿಷ್ಠ ನೋಡಿದವನು ಮನೆಯಲ್ಲೇ ಅಗ್ಗಕ್ಕೆ ಕೊಟ್ಟುಬಿಡುತ್ತಾನೆ. ಹೆಚ್ಚಿನ ಮಾಲು ಕೈಬದಲಾದ 6,000ವೇ ಮಾದರಿ ಬೆಲೆ. ಪತ್ರಿಕೆಯಲ್ಲಾಗಲಿ ಮೊಬೈಲಿನಲ್ಲಾಗಲಿ ಇದನ್ನು ಬಿಟ್ಟು ಗರಿಷ್ಠವನ್ನಷ್ಟೇ ದೊಡ್ಡಕ್ಷರದಲ್ಲಿ ಹಾಕುವುದು ರೈತನಿಗೆ ಮಾಡುವ ಅನ್ಯಾಯ.

ಜಾಲತಾಣದಲ್ಲಿ ಬೆಲೆ ಕಂಡರೆ ಸಾಕೇ? ಕಣ್ಣಿಗೆ ಕಾಣುವುದು ಬೇರೆ, ಇನ್ನೊಂದು ತಂತ್ರಾಂಶ ತಾನಾಗಿಯೇ ಎತ್ತಿಕೊಂಡು ಮುಂದೆ ಹಂಚುವಂತಿರುವುದು ಬೇರೆ. ಮುಕ್ತ ತಂತ್ರಾಂಶ ಈ ಕಥೆಯೊಳಕ್ಕೆ ಬಂದದ್ದು ಈ ಎರಡನೆಯ ಹಂತದಲ್ಲಿ. 2012ರಲ್ಲಿ ಕೇಂದ್ರ ಸರ್ಕಾರ ದತ್ತಾಂಶ ಹಂಚಿಕೆಯ ರಾಷ್ಟ್ರೀಯ ನೀತಿಯನ್ನು ಒಪ್ಪಿ, ಅದೇ ವರ್ಷ ಮುಕ್ತ ದತ್ತಾಂಶ ತಾಣವನ್ನು ತೆರೆಯಿತು. ಎನ್‌ಐಸಿ ಮತ್ತು ಅಮೆರಿಕ ಸರ್ಕಾರದ ತಂತ್ರಜ್ಞರು ಸೇರಿ ಡ್ರೂಪಲ್ ಎಂಬ ಮುಕ್ತ ತಂತ್ರಾಂಶದ ಮೇಲೆ ಇದಕ್ಕೆ ಬೇಕಾದ ವೇದಿಕೆಯನ್ನು ಕಟ್ಟಿ, ಬೇರೆ ದೇಶಗಳೂ ಬಳಸಲೆಂದು ಮೂಲ ಸಂಕೇತವನ್ನು ಗಿಟ್‌ಹಬ್ ಎಂಬ ಸಂಕೇತ ಹಂಚುವ ತಾಣದಲ್ಲಿ ಇಟ್ಟರು. ಅಗ್‌ಮಾರ್ಕ್‌ನೆಟ್‌ನ ದಿನದ ಧಾರಣೆ ಈ ತಾಣದ ಮೂಲಕ ಎಪಿಐ ರೂಪದಲ್ಲಿ, ಅಂದರೆ ಇನ್ನೊಂದು ತಂತ್ರಾಂಶ ನೇರವಾಗಿ ಕೇಳಿ ಪಡೆಯಬಹುದಾದ ರೂಪದಲ್ಲಿ, ಹೊರಬಂತು. ಹೆಸರು ನೋಂದಾಯಿಸಿ ಒಂದು ಕೀಲಿ ಪಡೆದರೆ ಸಾಕು. ಜೇಸನ್, ಎಕ್ಸ್‌ಎಂಎಲ್ ಅಥವಾ ಸಿಎಸ್‌ವಿ ನಮೂನೆಯಲ್ಲಿ ಸಾಲುಗಳು ಸಿಗುತ್ತವೆ. 2017ರಲ್ಲಿ ಬಂದ ಸರ್ಕಾರಿ ಮುಕ್ತ ದತ್ತಾಂಶ ಪರವಾನಗಿ ಈ ಸಾಲುಗಳನ್ನು ವಾಣಿಜ್ಯಕ್ಕೂ ಬಳಸಬಹುದೆಂದು, ಮೂಲವನ್ನು ಹೆಸರಿಸಬೇಕೆಂದು ಸ್ಪಷ್ಟಪಡಿಸಿತು. ಮಧುಗಿರಿಯ ಒಬ್ಬ ಕಾಲೇಜು ವಿದ್ಯಾರ್ಥಿ ತನ್ನೂರಿನ ಧಾರಣೆಯನ್ನು ಸಂದೇಶವಾಗಿ ಕಳಿಸುವ ಪುಟ್ಟ ಪ್ರೋಗ್ರಾಂ ಬರೆಯಲು ಯಾರ ಅಪ್ಪಣೆಯನ್ನೂ ಕಾಯಬೇಕಿಲ್ಲ.

ಷೇರುಪೇಟೆಯ ಜಗತ್ತಿನಲ್ಲೂ ಇದೇ ಕಾಲಕ್ಕೆ ಇಂಥದೇ ಬದಲಾವಣೆ ನಡೆಯಿತು. ಪ್ರತಿ ವಿನಿಮಯ ಕೇಂದ್ರ, ಪ್ರತಿ ಮಾಹಿತಿ ಮಾರಾಟಗಾರ ತನ್ನದೇ ಭಾಷೆಯಲ್ಲಿ ಬೆಲೆ ಹರಿಸುತ್ತಿದ್ದುದರಿಂದ ಬ್ಯಾಂಕುಗಳು ಪ್ರತಿಯೊಂದಕ್ಕೂ ಬೇರೆ ತಂತ್ರಾಂಶ ಬರೆಯಬೇಕಿತ್ತು. ವೊಂಬ್ಯಾಟ್ ಎಂಬ ಕಂಪನಿ ಇವುಗಳ ನಡುವೆ ನಿಲ್ಲುವ ಮಾಮಾ ಎಂಬ ಪದರವನ್ನು ಕಟ್ಟಿತ್ತು. ಆ ಕಂಪನಿ 2008ರಲ್ಲಿ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದ ಒಡೆತನಕ್ಕೆ ಸೇರಿತು. 2011ರಲ್ಲಿ ಮಾಮಾದ ಸಂಕೇತ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ಓಪನ್‌ಮಾಮಾ ಎಂದು ಮುಕ್ತವಾಯಿತು. ಬೆಂಗಳೂರಿನಲ್ಲಿ 2010ರಲ್ಲಿ ಶುರುವಾದ ಷೇರು ದಲ್ಲಾಳಿ ಸಂಸ್ಥೆ ಜೆರೋದಾ ತನ್ನ ಕೈಟ್ ಕನೆಕ್ಟ್ ಸೇವೆಯ ಬೆಲೆ ಪ್ರವಾಹವನ್ನು ಓದುವ ಸಂಕೇತ ಗ್ರಂಥಾಲಯಗಳನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿದೆ. ಅಲ್ಲಿ ಕೊನೆಯ ವಹಿವಾಟಿನ ಬೆಲೆಯನ್ನು ಹೊತ್ತ ಪೊಟ್ಟಣ ಬರೀ 8 ಬೈಟ್: ನಾಲ್ಕರಲ್ಲಿ ಷೇರಿನ ಗುರುತು, ನಾಲ್ಕರಲ್ಲಿ ಪೈಸೆ ಲೆಕ್ಕದ ಬೆಲೆ. ಆದರೆ ಓದುವ ಸಂಕೇತ ಮುಕ್ತವಾಗಿದ್ದರೂ ಷೇರುಪೇಟೆಯ ಬೆಲೆಯ ಹಕ್ಕು ವಿನಿಮಯ ಕೇಂದ್ರದ್ದೇ. ಕಡಲೆಕಾಯಿಯ ಬೆಲೆಗೆ ಆ ಕಟ್ಟು ಇಲ್ಲ. ಸಾರ್ವಜನಿಕ ಪ್ರಾಂಗಣದಲ್ಲಿ ಹುಟ್ಟಿದ ಬೆಲೆ ಸಾರ್ವಜನಿಕರಿಗೇ ಸೇರಿದೆ. ಅದು ಹಾಗೆಯೇ ಉಳಿಯಬೇಕು.

ಬೆಲೆ ಹುಟ್ಟುವ ರೀತಿಯೂ ಅಷ್ಟರಲ್ಲಿ ಬದಲಾಗಿತ್ತು. 2014ರಲ್ಲಿ ಕರ್ನಾಟಕ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಎಂಬ ಸರಕು ವಿನಿಮಯ ಕೇಂದ್ರದ ಬಳಗದ ಕಂಪನಿ ಸಮಪಾಲಿನಲ್ಲಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯನ್ನು ಕಟ್ಟಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ತಂದವು. ಗೇಟಿನಲ್ಲಿ ಲಾಟ್ ಸಂಖ್ಯೆ ಬೀಳುತ್ತದೆ, ವರ್ತಕರು ಕಾಯಿ ನೋಡಿ ಕಂಪ್ಯೂಟರಿನಲ್ಲಿ ದರ ನಮೂದಿಸುತ್ತಾರೆ, ಹೊತ್ತು ಮುಗಿದ ಮೇಲೆ ಗೆದ್ದ ದರ ಘೋಷಣೆಯಾಗುತ್ತದೆ. ಒಪ್ಪಿಗೆಯಾಗದಿದ್ದರೆ ರೈತ ಮಾರದೆ ಇರಬಹುದು. ವರ್ತಕರು ದರವನ್ನು ಚೀಟಿಯಲ್ಲಿ ಬರೆದು ಹಾಕುತ್ತಿದ್ದ ಟೆಂಡರಿನ ಕಾಲದಲ್ಲಿ ಗುಮಾಸ್ತ ಸಂಜೆ ಕೂತು ಬರೆಯುತ್ತಿದ್ದ ಬೆಲೆ ಈಗ ವಹಿವಾಟಿನಿಂದಲೇ ದಾಖಲಾಗುತ್ತದೆ. ಈ ವೇದಿಕೆಯ ಪರಿಣಾಮವನ್ನು ಅಳೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಭತ್ತದ ಬೆಲೆ ಸರಾಸರಿ ಶೇ 5.1, ಕಡಲೆಕಾಯಿಯದು ಶೇ 3.6, ಮೆಕ್ಕೆಜೋಳದ್ದು ಶೇ 3.5 ಏರಿತೆಂದು ಕಂಡುಕೊಂಡಿತು. ಎಲ್ಲ ಸರಕುಗಳಿಗೂ ಈ ಲಾಭ ಸಿಗಲಿಲ್ಲ. ಕೇಂದ್ರದ ರಾಷ್ಟ್ರೀಯ ಕೃಷಿ ಮಾರುಕಟ್ಟೆ ವೇದಿಕೆ ಇ-ನಾಮ್ 2016ರ ಏಪ್ರಿಲ್ 14ರಂದು ಎಂಟು ರಾಜ್ಯಗಳ 21 ಮಂಡಿಗಳಲ್ಲಿ ಆರಂಭವಾಯಿತು. 2020ರ ಮೇ ತಿಂಗಳಲ್ಲಿ ಕರ್ನಾಟಕದ ವೇದಿಕೆಯೊಡನೆ ಅದು ಬೆಸೆದುಕೊಂಡಿತು.

ರಾಯಚರ್ಲಿನಲ್ಲಿ ಈ ವ್ಯವಸ್ಥೆ ಎದುರಿಸುವ ತೊಡಕು ಸಂಕೇತದ್ದಲ್ಲ, ಭೂಗೋಳದ್ದು. ಪಾವಗಡದ ಸುತ್ತ ಬಹುಪಾಲು ಆಂಧ್ರದ ಗಡಿ. ಮಧುಗಿರಿಗೆ ಆಂಧ್ರದ ಹಿಂದೂಪುರ ಹತ್ತಿರ. ಎಣ್ಣೆ ಗಿರಣಿಗಳ ಚಳ್ಳಕೆರೆ ಇನ್ನೊಂದು ಬದಿಗಿದೆ. ಹೊಲದಲ್ಲೇ ವರ್ತಕನಿಗೆ ಮಾರಿದ ಕಾಯಿ ಯಾವ ಪ್ರಾಂಗಣದ ಲೆಕ್ಕಕ್ಕೂ ಸೇರುವುದಿಲ್ಲ. ಗಡಿಯಾಚೆ ಮಾರಿದ್ದು ಬೇರೆ ರಾಜ್ಯದ ಸಾಲಿಗೆ ಸೇರುತ್ತದೆ. ಆವಕವಿಲ್ಲದ ದಿನ ಆ ಮಾರುಕಟ್ಟೆಗೆ ದಿನದ ಧಾರಣೆಯೂ ಇರುವುದಿಲ್ಲ. ಹೀಗಾಗಿ ಈ ಸೀಮೆಯ ಧಾರಣೆಯನ್ನು ಸರಿಯಾಗಿ ತಿಳಿಯಬಯಸುವ ತಂತ್ರಾಂಶ ತುಮಕೂರು ಜಿಲ್ಲೆಯ ಸಾಲುಗಳನ್ನಷ್ಟೇ ಓದಿದರೆ ಸಾಲದು. ಚಿತ್ರದುರ್ಗದ ಮತ್ತು ಆಂಧ್ರದ ಗಡಿ ಜಿಲ್ಲೆಗಳ ಮಾರುಕಟ್ಟೆಗಳನ್ನೂ ಜೊತೆಗೆ ತರಿಸಿಕೊಂಡು, ಸಾಗಾಣಿಕೆ ವೆಚ್ಚ ಕಳೆದು, ಉಳಿದ ಬೆಲೆಗಳನ್ನು ಅಕ್ಕಪಕ್ಕ ಇಡಬೇಕು. ಎಲ್ಲ ರಾಜ್ಯಗಳಿಗೂ ಒಂದೇ ನಮೂನೆ ಇರುವುದರಿಂದ ಈ ಕೆಲಸ ಸಾಧ್ಯ.